ವಿಆರ್ ಹೆಡ್‌ಸೆಟ್ ಹಾಕಿಕೊಂಡರೆ ಹೆರಿಗೆ ನೋವು ಕಡಿಮೆಯಾಗುತ್ತದಾ?

ಪ್ರಶ್ನೆ: ನನಗೆ 28 ವರ್ಷ. ಚೊಚ್ಚಲ ಬಸುರಿ, ಈಗ 31 ವಾರ. ಬೆಂಗಳೂರಿನಲ್ಲಿ ಕೆಲಸ, ಹೆರಿಗೆಗೆ ಹಾಸನದ ಹತ್ತಿರ ತವರಿಗೆ ಹೋಗುತ್ತೇನೆ. ಹೆರಿಗೆ ನೋವು ಅಂದರೆ ಮೊದಲಿನಿಂದಲೂ ಭಯ. ನೋವು ತಗ್ಗಿಸೋಕೆ ಬೆನ್ನಿಗೆ ಎಪಿಡ್ಯೂರಲ್ ಸೂಜಿ ಹಾಕಿಸಿಕೊಳ್ಳೋದು ಅಂದರೆ ಇನ್ನೂ ಭಯ. ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗಳು, ಅಲ್ಲಿ ಕೆಲವು ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿನಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತ ಬೇರೆ ಲೋಕವೇ ಕಾಣುವ ಸಾಧನ ಕೊಡುತ್ತಾರೆ, ನೋವೇ ಗೊತ್ತಾಗಲ್ಲ ಅಂದಳು. ನನ್ನ ಗಂಡನ ಹತ್ತಿರ ಗೇಮ್ ಆಡುವ ಹೆಡ್‌ಸೆಟ್ ಒಂದಿದೆ. ಅದನ್ನೇ ತೆಗೆದುಕೊಂಡು ಹೋಗಬಹುದಾ? ಮಗುವಿಗೆ ತೊಂದರೆ ಇಲ್ವಾ? ಅದಿದ್ದರೆ ಎಪಿಡ್ಯೂರಲ್ ಬೇಡ ಅಲ್ವಾ? ಅತ್ತೆ ಮಾತ್ರ "ನಾವೆಲ್ಲ ಹೆತ್ತಿಲ್ವಾ, ತಡ್ಕೋಬೇಕು" ಅಂತಾರೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ವಿಆರ್ ಹೆಡ್‌ಸೆಟ್ ಹೆರಿಗೆ ನೋವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ನೋವೇ ಗೊತ್ತಾಗದ ಹಾಗೆ ಮಾಡುವುದಿಲ್ಲ. ಬೇನೆ ಶುರುವಾದ ಮೊದಲ ಕೆಲವು ಗಂಟೆಗಳನ್ನು ಸಾಗಿಸೋಕೆ ಅದು ಒಳ್ಳೆಯ ಉಪಾಯ. ಎಪಿಡ್ಯೂರಲ್‌ಗೆ ಬದಲಿ ಅಲ್ಲ. ಪಕ್ಕದಲ್ಲಿ ಕೈ ಹಿಡಿದು ಕೂರುವವರಿಗಂತೂ ಖಂಡಿತ ಬದಲಿ ಅಲ್ಲ. ನಿಮ್ಮ ಬಸಿರಿನಲ್ಲಿ ಬೇರೆ ತೊಂದರೆ ಇಲ್ಲದಿದ್ದರೆ ಗಂಡನ ಹೆಡ್‌ಸೆಟ್ ಧಾರಾಳವಾಗಿ ತೆಗೆದುಕೊಂಡು ಹೋಗಿ. ಅದೊಂದನ್ನೇ ನಂಬಿಕೊಂಡು ಮಾತ್ರ ಹೋಗಬೇಡಿ.

ನಾನು ಅರಿವಳಿಕೆ ವೈದ್ಯೆ. ನೀವು ಹೆದರುವ ಆ ಸೂಜಿ ಹಾಕುವ ಕೆಲಸ ನನ್ನದೇ. ಎಪಿಡ್ಯೂರಲ್ ಪರವಾಗಿ ಮಾತಾಡುತ್ತೇನೆ, ಕಾರಣ ಮುಂದೆ ಹೇಳುತ್ತೇನೆ. ಹಾಗಂತ ವಿಆರ್ ಅನ್ನು ಆಟದ ಸಾಮಾನು ಅಂತ ತಳ್ಳಿಹಾಕುವುದು ಸರಿಯಲ್ಲ. ಅದರ ಹಿಂದೆ ಇಪ್ಪತ್ತೈದು ವರ್ಷಕ್ಕೂ ಮೀರಿದ ಕೆಲಸ ಇದೆ.

ಆ ಕೆಲಸ ಶುರುವಾಗಿದ್ದು ಲೇಬರ್ ವಾರ್ಡಿನಲ್ಲಲ್ಲ, ಸುಟ್ಟಗಾಯದ ವಾರ್ಡಿನಲ್ಲಿ. ಸುಟ್ಟಗಾಯದ ಡ್ರೆಸ್ಸಿಂಗ್ ಬದಲಿಸುವಾಗ ಆಗುವ ನೋವು ಭಯಂಕರ. ಮಾರ್ಫಿನ್ ಕೊಟ್ಟಿದ್ದರೂ ರೋಗಿಗಳು ಕೂಗಿಕೊಳ್ಳುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಈ ನೋವಿಗೆ ವಿಆರ್ ಪ್ರಯೋಗ ಮಾಡಿದರು. 2000ನೇ ಇಸವಿಯಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಇದ್ದದ್ದು ಇಬ್ಬರೇ ಹದಿಹರೆಯದ ಹುಡುಗರು. ಗಾಯಕ್ಕೆ ಆರೈಕೆ ಮಾಡುವಾಗ ಸ್ವಲ್ಪ ಹೊತ್ತು ಸಾಮಾನ್ಯ ವಿಡಿಯೋ ಗೇಮ್, ಸ್ವಲ್ಪ ಹೊತ್ತು ವಿಆರ್. ವಿಆರ್ ಹಾಕಿದ್ದಾಗ ಇಬ್ಬರಿಗೂ ನೋವು ಚೆನ್ನಾಗಿಯೇ ಇಳಿದಿತ್ತು. ಆಮೇಲೆ ಸುಟ್ಟಗಾಯದವರಿಗೆಂದೇ ಸ್ನೋವರ್ಲ್ಡ್ ಅನ್ನೋ ವಿಆರ್ ಲೋಕ ಬಂತು. ಹಿಮದ ಕಣಿವೆಯಲ್ಲಿ ತೇಲುತ್ತಾ ಪೆಂಗ್ವಿನ್‌ಗಳಿಗೆ, ಹಿಮದ ಗೊಂಬೆಗಳಿಗೆ ಹಿಮದ ಉಂಡೆ ಎಸೆಯುವುದು. ಬೆಂದ ಮೈಗೆ ತಣ್ಣನೆಯ ಲೋಕ. 2004ರಲ್ಲಿ ಹಾಫ್‌ಮನ್ ತಂಡ ಇದನ್ನು ಎಂಆರ್‌ಐ ಯಂತ್ರದೊಳಗೂ ಪರೀಕ್ಷೆ ಮಾಡಿತು. ಆರೋಗ್ಯವಂತ ಸ್ವಯಂಸೇವಕರ ಪಾದಕ್ಕೆ ನೋವಾಗುವಷ್ಟು ಬಿಸಿ ಮುಟ್ಟಿಸಿ ಮೆದುಳು ನೋಡಿದರು. ವಿಆರ್‌ನಲ್ಲಿ ಮುಳುಗಿದ್ದಾಗ ನೋವಿಗೆ ಸಂಬಂಧಿಸಿದ ಮೆದುಳಿನ ಭಾಗಗಳ ಚಟುವಟಿಕೆಯೇ ಇಳಿದಿತ್ತು. ಅಂದರೆ ಜನ ಸುಮ್ನೆ ಡಾಕ್ಟರ ಸಮಾಧಾನಕ್ಕೆ "ಕಡಿಮೆ ಆಯ್ತು" ಅಂದಿದ್ದಲ್ಲ.

ಇದು ಹೇಗೆ ಆಗುತ್ತದೆ? ನೋವು ಅಂದರೆ ಗಾಯದ ಜಾಗದಿಂದ ಮೆದುಳಿಗೆ ಹೋಗುವ ಸುದ್ದಿ ಮಾತ್ರ ಅಲ್ಲ. ಆ ಸುದ್ದಿಗೆ ಮೆದುಳು ಎಷ್ಟು ಗಮನ ಕೊಡುತ್ತದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಹಲ್ಲುನೋವು ಹಗಲು ಕೆಲಸದ ನಡುವೆ ಹೇಗೋ ಕಳೆಯುತ್ತದೆ. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ತಡೆಯಲಾಗದಷ್ಟು ಆಗುತ್ತದೆ. ಹಲ್ಲು ಅದೇ, ಹುಳುಕೂ ಅದೇ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಗೇಟು ಇದೆ, ಬೇರೆ ಸ್ಪರ್ಶಗಳೂ ಮೇಲಿನಿಂದ ಮೆದುಳೂ ಅದನ್ನು ಸ್ವಲ್ಪ ಮುಚ್ಚಬಲ್ಲವು ಎಂದರು. ಸೊಂಟ ಉಜ್ಜಿದರೆ ಬೇನೆ ಹಗುರವಾಗುವುದು ಇದೇ ದಾರಿಯಲ್ಲಿ. ವಿಆರ್ ಕೆಲಸ ಮಾಡುವುದು ಮೇಲಿನಿಂದ. ಕಣ್ಣು, ಕಿವಿ ಎರಡನ್ನೂ ಪೂರ್ತಿ ಆಕ್ರಮಿಸುತ್ತದೆ. ಟಿವಿ ನೋಡುವಾಗ ಕಣ್ಣಿನ ಅಂಚಿನಲ್ಲಿ ಡ್ರಿಪ್ ಸ್ಟ್ಯಾಂಡ್, ಪಕ್ಕದ ಬೆಡ್ಡಿನವರ ಸಂಕಟ ಎಲ್ಲ ಕಾಣುತ್ತಲೇ ಇರುತ್ತವೆ. ಹೆಡ್‌ಸೆಟ್‌ನಲ್ಲಿ ಅವು ಇಲ್ಲ. ತಲೆ ತಿರುಗಿಸಿದ ಕಡೆಯೆಲ್ಲ ಕಡಲೋ ಕಾಡೋ ಇರುತ್ತದೆ.

ಹೆರಿಗೆ ನೋವಿಗೆ ಇದು ಹೊಂದುವುದಕ್ಕೆ ಇನ್ನೊಂದು ಕಾರಣ ಇದೆ, ಇದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಹೆರಿಗೆ ನೋವು ಬಿಡದೆ ಕಾಡುವ ನೋವಲ್ಲ. ಜೋರಾದ ಬೇನೆ ಸುಮಾರು ಒಂದು ನಿಮಿಷ ಇರುತ್ತದೆ. ಮಧ್ಯೆ ಎರಡು ಮೂರು ನಿಮಿಷ ಬಿಡುವು. ಆ ಬಿಡುವಿನಲ್ಲಿ ನೋವಿಲ್ಲ, ಆದರೆ ಮುಂದಿನ ಬೇನೆಯ ಭಯ ಇರುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಎಷ್ಟೋ ಹೆಂಗಸರು ಆ ಬಿಡುವಿನಲ್ಲೂ ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಕೂತಿರುತ್ತಾರೆ. ಮೈ ಬಿಗಿದಷ್ಟೂ ಮುಂದಿನ ಬೇನೆ ಜಾಸ್ತಿ ಅನ್ನಿಸುತ್ತದೆ. ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ ಎಂಬ ಈ ಸುತ್ತನ್ನು ಇಂಗ್ಲೆಂಡಿನ ಹೆರಿಗೆ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಹೇಳಿದ್ದರು. ನನ್ನ ಅಭಿಪ್ರಾಯದಲ್ಲಿ ವಿಆರ್‌ನ ನಿಜವಾದ ಲಾಭ ಈ ಬಿಡುವಿನಲ್ಲೇ ಇದೆ. ಬೇನೆ ಇಳಿದ ಕೂಡಲೇ ಮನಸ್ಸಿಗೆ ಹೋಗಿ ಕೂರೋಕೆ ಒಂದು ಜಾಗ ಸಿಗುತ್ತದೆ.

ಈಗ ಹೆರಿಗೆಯಲ್ಲೇ ಮಾಡಿದ ಅಧ್ಯಯನಗಳಿಗೆ ಬರೋಣ. ನಿಮ್ಮ ತಂಗಿ ಹೇಳಿದ ಸುದ್ದಿಯ ಮೂಲ ಬಹುಶಃ ಇವೇ ಇರಬೇಕು.

ಮಿಷಿಗನ್ ವಿಶ್ವವಿದ್ಯಾಲಯದ ಅರಿವಳಿಕೆ ವೈದ್ಯರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 27 ಹೆಂಗಸರಿದ್ದರು. ಸಿಯಾಟಲ್‌ನ ಹಾಫ್‌ಮನ್ ಕೂಡ ಆ ತಂಡದಲ್ಲಿದ್ದರು. ಯಾರಿಗೂ ಆಗಿನ್ನೂ ನೋವಿನ ಮದ್ದು ಕೊಟ್ಟಿರಲಿಲ್ಲ. ಪ್ರತಿಯೊಬ್ಬರಿಗೂ ಸ್ವಲ್ಪ ಹೊತ್ತು ಹೆಡ್‌ಸೆಟ್ ಹಾಕಿ, ಅಷ್ಟೇ ಹೊತ್ತು ಹಾಕದೆ ಬೇನೆಗಳನ್ನು ಕಳೆಯೋಕೆ ಬಿಟ್ಟರು. ಮೊದಲು ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ. ಹೆಡ್‌ಸೆಟ್ ಒಳಗೆ ಕಂಡಿದ್ದು ಕಡಲಿನೊಳಗಿನ ಲೋಕ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವಿನ ತೀವ್ರತೆ ಸರಾಸರಿ 1.5 ಅಂಕ ಇಳಿಯಿತು. ನೋವು ಎಷ್ಟು ಅಸಹನೀಯ ಅನ್ನಿಸಿತು ಅನ್ನೋದು 2.5 ಅಂಕ ಇಳಿಯಿತು. ನೋವಿನ ಬಗ್ಗೆಯೇ ಯೋಚಿಸುತ್ತಾ ಕಳೆದ ಹೊತ್ತು 3.1 ಅಂಕ ಇಳಿಯಿತು. ಆತಂಕ 1.5.

ಈ ಅಂಕಿಗಳ ಕ್ರಮ ನೋಡಿ. ನೋವು ಸ್ವಲ್ಪವೇ ಇಳಿದಿದೆ. ನೋವಿನ ಕಾಟ ಅದಕ್ಕಿಂತ ಜಾಸ್ತಿ ಇಳಿದಿದೆ. ನೋವಿನ ಯೋಚನೆ ಎಲ್ಲಕ್ಕಿಂತ ಜಾಸ್ತಿ ಇಳಿದಿದೆ. ವಿಆರ್ ಏನು ಮಾಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಗರ್ಭಕೋಶ ತನ್ನ ಪಾಡಿಗೆ ಬಿಗಿಯುತ್ತಿದೆ, ನರಗಳು ಸುದ್ದಿ ಒಯ್ಯುತ್ತಿವೆ. ಹೆಂಗಸು ಮಾತ್ರ ಅದರಲ್ಲೇ ಮುಳುಗಿಲ್ಲ.

ಎರಡನೆಯದು ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯದು. ಅದರಲ್ಲಿ 40 ಹೆಂಗಸರು, ಎಲ್ಲರೂ ಚೊಚ್ಚಲಿನವರು. ಅರ್ಧದಷ್ಟು ಜನಕ್ಕೆ ಗರಿಷ್ಠ 30 ನಿಮಿಷ ವಿಆರ್, ಉಳಿದವರಿಗೆ ಎಂದಿನ ಆರೈಕೆ. ವಿಆರ್ ಹಾಕಿದವರ ನೋವಿನ ಅಂಕ ಸರಾಸರಿ 0.52 ಇಳಿಯಿತು. ಹಾಕದವರದು 0.58 ಏರಿತು. ಹೆರಿಗೆ ಮುಂದುವರಿದಂತೆ ನೋವು ಏರುವುದು ಸಹಜ. ಆದ್ದರಿಂದ ಅರ್ಧ ಗಂಟೆ ನೋವು ಏರದ ಹಾಗೆ ತಡೆದದ್ದೇ ಲಾಭ. ಆದರೂ ಎರಡು ಗುಂಪಿನ ನಡುವಿನ ಅಂತರ ಹತ್ತರಲ್ಲಿ ಒಂದು ಅಂಕ ಚಿಲ್ಲರೆ. ಚಿಕ್ಕದೇ. "ನೋವೇ ಗೊತ್ತಾಗಲ್ಲ" ಅನ್ನೋ ಮಾತಿಗೂ ಇದಕ್ಕೂ ತುಂಬಾ ದೂರ.

ಟರ್ಕಿ ಮತ್ತು ಇರಾನ್‌ನಲ್ಲೂ ಇಂಥ ಅಧ್ಯಯನಗಳು ಆಗಿವೆ. ಹೆಚ್ಚಿನವು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಎಲ್ಲದರಲ್ಲೂ ಒಂದು ಮಿತಿ ಇದೆ. ಔಷಧಿ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಸಕ್ಕರೆ ಮಾತ್ರೆ ಅಂತ ಗೊತ್ತಾಗದ ಹಾಗೆ ಮುಚ್ಚಿಡಬಹುದು. ತಲೆ ಮೇಲೆ ಹೆಡ್‌ಸೆಟ್ ಇದೆಯೋ ಇಲ್ಲವೋ ಅನ್ನೋದನ್ನು ಮುಚ್ಚಿಡಲಾಗದು. ಹೊಸದೇನೋ ಸಿಕ್ಕಿದೆ, ಯಾರೋ ಬಂದು ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದಾರೆ ಅನ್ನುವ ಸಮಾಧಾನವೂ ಅಂಕದಲ್ಲಿ ಸೇರಿಕೊಂಡಿರುತ್ತದೆ. ಇನ್ನೊಂದು, ಮೇಲೆ ಹೇಳಿದಂಥ ಅಧ್ಯಯನಗಳಲ್ಲಿ ವಿಆರ್ ಹಾಕಿದ್ದು ಸ್ವಲ್ಪ ಹೊತ್ತು ಮಾತ್ರ. ಚೊಚ್ಚಲ ಹೆರಿಗೆ ಹನ್ನೆರಡು ಗಂಟೆ ಮೀರುವುದು ಸಾಮಾನ್ಯ. ವಿಆರ್‌ನಿಂದ ಸಿಜೇರಿಯನ್ ತಪ್ಪುತ್ತದೆ, ಹೆರಿಗೆ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. "ಅಮೆರಿಕ ಸರಕಾರದ ಒಪ್ಪಿಗೆ ಪಡೆದ ವಿಆರ್ ಚಿಕಿತ್ಸೆ" ಎಂಬ ಮಾತು ಕಣ್ಣಿಗೆ ಬಿದ್ದರೆ ಯಾವ ನೋವಿಗೆ ಅಂತ ನೋಡಿ. 2021ರ ನವೆಂಬರ್‌ನಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ವಿಆರ್ ಸಾಧನಕ್ಕೆ ಒಪ್ಪಿಗೆ ಕೊಟ್ಟಿದ್ದು ನಿಜ. ಅದು ಬಹುಕಾಲದ ಸೊಂಟನೋವಿಗೆ, ಹೆರಿಗೆಗಲ್ಲ.

ನಿಮ್ಮ ಹೆರಿಗೆಯಲ್ಲಿ ಇದನ್ನು ಎಲ್ಲಿ ಬಳಸಬಹುದು? ನನ್ನ ಸಲಹೆ, ಆಸ್ಪತ್ರೆಗೆ ಸೇರಿಸಿಕೊಂಡ ಮೇಲಿನ ಮೊದಲ ಹಂತ. ಗರ್ಭಕೋಶದ ಬಾಯಿ ನಿಧಾನವಾಗಿ ತೆರೆಯುತ್ತಿರುತ್ತದೆ. ಗಂಟೆಗಳು ಕಳೆಯುವುದೇ ಇಲ್ಲ. ಮಗುವಿನ ಎದೆಬಡಿತ ನೋಡೋಕೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಇಪ್ಪತ್ತು ನಿಮಿಷ ಮಲಗಿಸುತ್ತಾರಲ್ಲ, ಆಗ ಹೇಗೂ ಎದ್ದು ಓಡಾಡುವಂತಿಲ್ಲ. ಹೆಡ್‌ಸೆಟ್ ಹಾಕಿಕೊಳ್ಳೋಕೆ ಅದು ಸರಿಯಾದ ಹೊತ್ತು. ನೋವು ಬರಿಸಲು ಔಷಧಿ ಇಟ್ಟು ಕಾಯುವಾಗ, ಎಪಿಡ್ಯೂರಲ್ ಕೇಳಿ ನನ್ನಂಥವರು ಬರುವವರೆಗೆ ಕಾಯುವಾಗಲೂ ಬಳಸಬಹುದು. ಹೆರಿಗೆ ಆದ ಮೇಲೆ ಹೊಲಿಗೆ ಹಾಕುವ ಹೊತ್ತಿಗೂ ಒಳ್ಳೆಯದು. ಇರಾನಿನ ಮಷಾದ್‌ನಲ್ಲಿ ಚೊಚ್ಚಲಿನ 30 ಹೆಂಗಸರ ಮೇಲೆ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಗ್ಗೆಯೇ ಇತ್ತು. ಮರಗಟ್ಟಿಸುವ ಇಂಜೆಕ್ಷನ್ ಜೊತೆಗೆ ವಿಆರ್ ಸಿಕ್ಕವರಿಗೆ ಹೊಲಿಗೆಯ ನೋವು ಕಡಿಮೆ ಅನ್ನಿಸಿತ್ತು. ಜೊತೆಗೆ ಅನ್ನೋದನ್ನು ಮರೆಯಬೇಡಿ. ಇಂಜೆಕ್ಷನ್ ಬಿಟ್ಟು ಬರೀ ವಿಆರ್ ಹಾಕಿ ಹೊಲಿಯೋಕೆ ಯಾರಾದರೂ ಬಂದರೆ ಬೇಡ ಅನ್ನಿ.

ಗರ್ಭಕೋಶದ ಬಾಯಿ ಪೂರ್ತಿ ತೆರೆದು, ಮುಕ್ಕಿ ಮಗುವನ್ನು ಹೊರಗೆ ತಳ್ಳುವ ಹೊತ್ತು ಬಂದಾಗ ಹೆಡ್‌ಸೆಟ್ ತೆಗೆದಿಡಿ. ಆಗಿನ ನೋವೇ ಬೇರೆ ಥರ. ಮೊದಲ ಹಂತದಲ್ಲಿ ಕಿಬ್ಬೊಟ್ಟೆ, ಸೊಂಟದಲ್ಲಿ ಹಿಂಡಿದ ಹಾಗೆ ಇದ್ದದ್ದು ಈಗ ಕೆಳಗೆ ಚುರುಕಾಗಿ, ಒತ್ತಡವಾಗಿ ಬರುತ್ತದೆ. ಮನಸ್ಸು ಕಡಲಿನಲ್ಲಿದ್ದರೆ ಆಗದು, ಮೈಯ ಮಾತು ಕೇಳಬೇಕು. ಸಿಸ್ಟರ್ ಯಾವಾಗ ಮುಕ್ಕು, ಯಾವಾಗ ಉಸಿರು ಬಿಡು ಅನ್ನುತ್ತಾರೆ ಅನ್ನೋದು ಕೇಳಿಸಬೇಕು. ಮಗು ಹೊರಗೆ ಬರುವುದನ್ನು ನೋಡೋಕೂ ಕಣ್ಣು ಬೇಕಲ್ವಾ?

ಸುರಕ್ಷತೆ ಬಗ್ಗೆ ಕೇಳಿದ್ದೀರಿ. ಮಗುವಿಗೆ ಹೆಡ್‌ಸೆಟ್‌ನಿಂದ ಹಾನಿ ಆಗುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಅದರಿಂದ ಬರುವುದು ನಿಮ್ಮ ಮೊಬೈಲ್, ಮನೆಯ ವೈಫೈನಿಂದ ಬರುವಂಥದ್ದೇ ದುರ್ಬಲ ರೇಡಿಯೋ ಅಲೆ. ತೊಂದರೆ ಬಂದರೆ ಅಮ್ಮನಿಗೆ, ಅದೂ ಹೆಚ್ಚಾಗಿ ವಾಕರಿಕೆ. ಕಣ್ಣು ಓಡುತ್ತಿದ್ದೇವೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಮಲಗಿದ್ದೇವೆ ಅನ್ನುತ್ತದೆ. ಈ ಜಗಳದಿಂದ ತಲೆ ಸುತ್ತಿ ಹೊಟ್ಟೆ ತೊಳಸುತ್ತದೆ. ಹೆರಿಗೆ ಹೊತ್ತಿನಲ್ಲಿ ಹೊಟ್ಟೆ ಖಾಲಿಯಾಗುವುದೇ ನಿಧಾನ, ವಾಂತಿ ಬರುವುದು ಮೊದಲೇ ಜಾಸ್ತಿ. ಹಾಗಾಗಿ ನಿಮ್ಮ ಯಜಮಾನರು ಆಡುವ ಕಾರಿನ ರೇಸು, ಶೂಟಿಂಗ್ ಗೇಮು ಯಾವುದೂ ಬೇಡ. ನೀವು ಒಂದೆಡೆ ಕೂತು ಸುತ್ತ ನೋಡುವಂಥ ದೃಶ್ಯ ಬೇಕು. ಕಡಲ ತೀರ, ಕಾಡು, ಮಳೆ, ನಿಧಾನವಾಗಿ ಈಜುವ ಮೀನು.

ಮೂರ್ಛೆ ರೋಗ ಇದ್ದವರು ಹಾಕಬಾರದು. ಬಿ.ಪಿ. ಏರಿದವರೂ ಹಾಕಬಾರದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕಾರಣ ಇದೆ. ಬಸಿರಿನಲ್ಲಿ ಬಿ.ಪಿ. 140/90 ದಾಟಿ, ಜೊತೆಗೆ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ ಅದು ಫಿಟ್ಸ್ ಬರುವ ಮುನ್ಸೂಚನೆ ಇರಬಹುದು. ಹೆಡ್‌ಸೆಟ್ ಹಾಕಿದವರಿಗೂ ತಲೆನೋವು, ಕಣ್ಣು ಮಂಜು ಆಗುತ್ತದೆ. "ಓ, ವಿಆರ್‌ನಿಂದ ಇರಬೇಕು" ಎಂದು ಅರ್ಧ ಗಂಟೆ ಸುಮ್ಮನಿದ್ದರೆ ಅನಾಹುತ ಆಗಬಹುದು. ನಿಮ್ಮ ಬಿ.ಪಿ. ಈಗ ಸರಿಯಿದ್ದರೂ ಕೊನೆಯ ವಾರಗಳಲ್ಲಿ ಏರಬಹುದು. ಆಸ್ಪತ್ರೆಗೆ ಸೇರಿದ ದಿನದ ಬಿ.ಪಿ. ನೋಡಿ ತೀರ್ಮಾನ ಮಾಡಿ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಹೆಡ್‌ಸೆಟ್ ಹಾಕಿದ ಹೆಂಗಸಿಗೆ ಸುತ್ತ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಸರಿಯಾಗಿ ಕೇಳುವುದೂ ಇಲ್ಲ. ನಮ್ಮ ಲೇಬರ್ ವಾರ್ಡುಗಳಲ್ಲಿ ಹೇಳದೆ ಕೇಳದೆ ಒಳಪರೀಕ್ಷೆ ಮಾಡುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಕಣ್ಣು ಮುಚ್ಚಿದ್ದಾಗ ಹಾಗೆ ಮಾಡಿದರೆ ಆಗುವ ಆಘಾತ ಇನ್ನೂ ದೊಡ್ಡದು. ಮೊದಲೇ ಹೇಳಿಟ್ಟುಬಿಡಿ. ಪರೀಕ್ಷೆಗೆ ಮುಂಚೆ ಹೆಗಲು ಮುಟ್ಟಿ, ಹೆಡ್‌ಸೆಟ್ ತೆಗೆಸಿ, ಹೇಳಿ, ಒಪ್ಪಿಗೆ ಪಡೆದು ಮಾಡಬೇಕು. ನಿಮ್ಮ ಜೊತೆಗೆ ಇರುವವರಿಗೆ ಈ ಕಾವಲಿನ ಕೆಲಸ ಒಪ್ಪಿಸಿ. ಹೆಡ್‌ಸೆಟ್ ಹಾಕಿಕೊಂಡು ಮಂಚದಿಂದ ಇಳಿಯಬೇಡಿ, ಬೀಳುತ್ತೀರಿ. ಇಡೀ ಹೊತ್ತು ಅದರಲ್ಲೇ ಇರಬೇಡಿ. ಮೊದಲ ಹಂತದಲ್ಲಿ ಓಡಾಡುವುದು, ನೆಟ್ಟಗೆ ಕೂರುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆ ಆರೈಕೆಯ ಸಲಹೆಗಳಲ್ಲೂ ಇದೆ. ಅರ್ಧ ಗಂಟೆ ಹೆಡ್‌ಸೆಟ್, ಆಮೇಲೆ ಎದ್ದು ಒಂದಿಷ್ಟು ನಡಿಗೆ. ಹೀಗೆ ಬದಲಿಸುತ್ತಿರಿ.

ಎಪಿಡ್ಯೂರಲ್ ಬಗ್ಗೆ ನಿಮಗಿರುವ ಭಯ ಬಹಳ ಜನಕ್ಕೆ ಇದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಸಣ್ಣ ಸೂಜಿಯಿಂದ ಬೆನ್ನಿನ ಚರ್ಮ ಮರಗಟ್ಟಿಸುತ್ತೇವೆ. ಅಲ್ಲಿಗೆ ಚುಚ್ಚುವ ನೋವು ಹೆಚ್ಚು ಕಡಿಮೆ ಮುಗಿಯಿತು, ಆಮೇಲೆ ಒತ್ತಿದ ಹಾಗೆ ಅನ್ನಿಸುತ್ತದೆ. ದೊಡ್ಡ ಸೂಜಿ ಬೆನ್ನಿನಲ್ಲಿ ಉಳಿಯುವುದಿಲ್ಲ. ಅದರ ಮೂಲಕ ಕೂದಲಿಗಿಂತ ಸ್ವಲ್ಪ ದಪ್ಪದ ಮೆತ್ತನೆಯ ನಳಿಕೆ ಬಿಟ್ಟು ಸೂಜಿ ತೆಗೆದುಬಿಡುತ್ತೇವೆ. ನಳಿಕೆಯಲ್ಲಿ ಔಷಧಿ ಹೋದ ಇಪ್ಪತ್ತು ನಿಮಿಷದೊಳಗೆ ಹೆಚ್ಚಿನವರ ನೋವು ತೀರಾ ಇಳಿದುಬಿಡುತ್ತದೆ. ಇಷ್ಟು ಇಳಿಸುವ ಇನ್ನೊಂದು ಉಪಾಯ ನಮ್ಮ ಹತ್ತಿರ ಇಲ್ಲ. "ಎಪಿಡ್ಯೂರಲ್ ಹಾಕಿಸಿಕೊಂಡರೆ ಜೀವನಪೂರ್ತಿ ಸೊಂಟನೋವು" ಅನ್ನೋದು ಮನೆಮನೆಯಲ್ಲಿ ಕೇಳುವ ಮಾತು. ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಹೆರಿಗೆಯ ನಂತರ ಸೊಂಟನೋವು ಬರುವುದು ಎಪಿಡ್ಯೂರಲ್ ಪಡೆದವರಲ್ಲೂ ಪಡೆಯದವರಲ್ಲೂ ಸಾಮಾನ್ಯ. ಎಪಿಡ್ಯೂರಲ್‌ನಿಂದ ಸಿಜೇರಿಯನ್ ಜಾಸ್ತಿ ಆಗುತ್ತದೆ ಅನ್ನೋದೂ ನಿಜವಲ್ಲ. ನಿಜವಾಗಿ ಇರುವ ತೊಂದರೆಗಳೆಂದರೆ ಬಿ.ಪಿ. ಇಳಿಯುವುದು, ಕಾಲು ಸ್ವಲ್ಪ ಭಾರವಾಗುವುದು, ಮುಕ್ಕುವ ಹಂತ ಸ್ವಲ್ಪ ಉದ್ದವಾಗುವುದು. ಸುಮಾರು ನೂರರಲ್ಲಿ ಒಬ್ಬರಿಗೆ ಆಮೇಲೆ ಜೋರು ತಲೆನೋವು ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಪ್ಲೇಟ್‌ಲೆಟ್ ತುಂಬಾ ಕಡಿಮೆ ಇದ್ದವರಿಗೆ ಹಾಕುವಂತಿಲ್ಲ.

ಬೇಡ ಅನ್ನಿಸಿದರೆ ಖಂಡಿತ ಬೇಡ. ಎಪಿಡ್ಯೂರಲ್ ಇಲ್ಲದೆ ಹೆರುವುದು ಸೋಲೂ ಅಲ್ಲ, ಹಾಕಿಸಿಕೊಂಡು ಹೆರುವುದು ಸೋಲೂ ಅಲ್ಲ. ಆದರೆ ಬೇಡ ಅನ್ನುವ ತೀರ್ಮಾನ ಭಯದಿಂದ ಬರಬಾರದು. ಈಗ ಬೇಡ ಎಂದು, ಆ ಹೊತ್ತಿಗೆ ಬೇಕು ಅನ್ನಿಸಿದರೂ ತಪ್ಪೇನಿಲ್ಲ. ಎಪಿಡ್ಯೂರಲ್ ಸಿಗದ ಕಡೆ ಮೂಗಿಗೆ ಮಾಸ್ಕ್ ಇಟ್ಟು ಎಳೆದುಕೊಳ್ಳುವ, ನೋವು ತಗ್ಗಿಸುವ ಎಂಟನಾಕ್ಸ್ ಗ್ಯಾಸ್ ಇದ್ದರೆ ಅದೂ ಒಂದು ದಾರಿ. ನಿಮ್ಮ ಕೈಯಲ್ಲೇ ಇರುತ್ತದೆ, ಬೇಕಾದಾಗ ಎಳೆದುಕೊಳ್ಳಬಹುದು, ಬೇಡವಾದಾಗ ಬಿಡಬಹುದು.

ಅತ್ತೆಯ ಮಾತಿಗೆ ಬರುತ್ತೇನೆ. ಅವರನ್ನು ದೂರುವುದಿಲ್ಲ. ಅವರು ಹೆರುವಾಗ ಕೇಳೋಕೆ ಬೇರೇನೂ ಇರಲಿಲ್ಲ. ಆದರೆ ಎಲ್ಲರ ನೋವೂ ಒಂದೇ ಅಲ್ಲ. ಆಗಲೇ ಹೇಳಿದ ಮೆಲ್ಜಾಕ್ ನೋವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು 1975ರಲ್ಲಿ ಪ್ರಕಟಿಸಿ, ಆಮೇಲೆ ಹೆರಿಗೆ ನೋವನ್ನೂ ಅದರಿಂದ ಅಳೆದರು. ಚೊಚ್ಚಲಿನವರ ಸರಾಸರಿ ಅಂಕ ಸೊಂಟನೋವು, ಕ್ಯಾನ್ಸರ್ ನೋವಿನ ಅಂಕಗಳಿಗಿಂತಲೂ ಮೇಲಿತ್ತು. ಅದೇ ಹೊತ್ತಿಗೆ ಕೆಲವರಿಗೆ ತೀರಾ ಕಡಿಮೆ ನೋವಿತ್ತು. ಒಬ್ಬರು ತಡೆದುಕೊಂಡರು ಅಂತ ಇನ್ನೊಬ್ಬರು ತಡೆದುಕೊಳ್ಳಲೇಬೇಕು ಅನ್ನೋಕೆ ಆಗದು.

ಅತ್ತೆಯವರ ಕಾಲದಲ್ಲಿ ಇದ್ದು ಈಗ ಕೈತಪ್ಪಿರುವುದು ಒಂದಿದೆ. ಆಗ ಸೂಲಗಿತ್ತಿ ಇಡೀ ರಾತ್ರಿ ಪಕ್ಕದಲ್ಲಿ ಕೂತಿರುತ್ತಿದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು. ಈಗ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಅದು ತುಂಬಾ ದೊಡ್ಡ ಗೆಲುವು, ಎಷ್ಟೋ ತಾಯಂದಿರ ಜೀವ ಉಳಿದಿದೆ. ಆದರೆ ಬಾಗಿಲ ಹೊರಗೆ ಅಮ್ಮನನ್ನು ನಿಲ್ಲಿಸಿ ಮಗಳನ್ನು ಒಬ್ಬಳೇ ಒಳಗೆ ಮಲಗಿಸುವ ಪದ್ಧತಿಯೂ ಅದರ ಜೊತೆ ಬಂತು. ಹೆರಿಗೆ ಮುಗಿಯುವವರೆಗೂ ಒಬ್ಬರು ಜೊತೆಗಿದ್ದರೆ ಏನಾಗುತ್ತದೆ ಎಂದು 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳನ್ನು ಒಟ್ಟು ಸೇರಿಸಿ ಕಾಕ್ರೇನ್ ಸಂಸ್ಥೆ 2017ರಲ್ಲಿ ನೋಡಿತು. ಹಾಗೆ ಜೊತೆ ಇದ್ದವರಲ್ಲಿ ಸಹಜ ಹೆರಿಗೆ ಜಾಸ್ತಿ, ಸಿಜೇರಿಯನ್ ಕಡಿಮೆ, ನೋವಿನ ಮದ್ದು ಬೇಕಾದದ್ದು ಕಡಿಮೆ, ಹೆರಿಗೆಯ ಅವಧಿಯೂ ಸ್ವಲ್ಪ ಕಡಿಮೆ. ಯಾವ ಹೆಡ್‌ಸೆಟ್‌ನ ಬಗ್ಗೆಯೂ ಇಷ್ಟು ಗಟ್ಟಿಯಾದ ಸಾಕ್ಷ್ಯ ಇಲ್ಲ.

ಹಾಗಾಗಿ ನನಗೊಂದು ಕಳವಳ ಇದೆ. ಹೆಡ್‌ಸೆಟ್ ಅಗ್ಗವಾದ ಹಾಗೆ ಆಸ್ಪತ್ರೆಗಳು ಅದನ್ನು ಕೊಟ್ಟು ಕೈ ತೊಳೆದುಕೊಳ್ಳಬಾರದು. ಸಿಸ್ಟರ್ ಕಡಿಮೆ ಇದ್ದಾರೆ, ಇದನ್ನು ಹಾಕ್ಕೊಂಡು ಮಲಗಮ್ಮ ಅನ್ನುವಂತಾಗಬಾರದು. ಸರಕಾರಿ ಆಸ್ಪತ್ರೆಯಲ್ಲೂ ಹೆರಿಗೆ ಹೊತ್ತಿನಲ್ಲಿ ಒಬ್ಬರು ಜೊತೆಗಿರಬಹುದು ಎಂದು ಕೇಂದ್ರ ಸರಕಾರ 2016ರಲ್ಲೇ ಹೇಳಿದೆ. ಸರಕಾರಿ ಲೇಬರ್ ವಾರ್ಡುಗಳನ್ನು ಸುಧಾರಿಸೋಕೆ 2017ರ ಕೊನೆಯಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲೂ ಅದು ಸೇರಿದೆ. ಒಂದೇ ಕೋಣೆಯಲ್ಲಿ ಹಲವರು ಹೆರುವ ಕಡೆ ಗಂಡನನ್ನು ಬಿಡುವುದಿಲ್ಲ, ಅಮ್ಮ, ಅಕ್ಕ ಇರಬಹುದು. ಕೇಳಿ ಪಡೆಯಿರಿ. ನಿಮ್ಮ ಅತ್ತೆಯವರನ್ನೇ ಕರೆದುಕೊಂಡು ಹೋಗುವುದಾದರೂ ಒಳ್ಳೆಯದೇ, ಸೊಂಟ ಎಲ್ಲಿ ಒತ್ತಬೇಕು ಅನ್ನೋದು ಹೆತ್ತವರಿಗೆ ಗೊತ್ತಿರುತ್ತದೆ.

ವಿಆರ್ ಮತ್ತು ಜೊತೆಗಾರ್ತಿ ಎರಡನ್ನೂ ಸೇರಿಸಬಹುದು. ಉಸಿರಾಟ ಹೇಳಿಕೊಡುವ ಆಪ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ಮಾತಾಡುತ್ತವೆ. ಕೆಲಸದ ಹೊತ್ತಿನಲ್ಲಿ ನಿಮಗೆ ಇಂಗ್ಲಿಷ್ ಸಲೀಸಾಗಿರಬಹುದು. ಬೇನೆ ಬಂದಾಗ ಬಾಯಿಂದ ಬರುವುದು "ಅಮ್ಮಾ" ಅಂತಲೇ. ಆದ್ದರಿಂದ ಆಪ್‌ನ ಮಾತು ಬಂದ್ ಮಾಡಿ, ದೃಶ್ಯ ಮತ್ತು ನೀರಿನ ಸದ್ದು ಮಾತ್ರ ಇಟ್ಟುಕೊಳ್ಳಿ. ಸದ್ದು ಮೆಲ್ಲಗಿರಲಿ. ಪಕ್ಕದಲ್ಲಿರುವವರು ಕೈ ಹಿಡಿದು, ಬೇನೆ ಏರುವಾಗ "ಉಸಿರು ಬಿಡು, ನಿಧಾನ ಬಿಡು" ಎಂದು ನಿಮ್ಮ ಮನೆಯ ಮಾತಿನಲ್ಲೇ ಹೇಳಲಿ.

ಈಗಿನಿಂದಲೇ ಮನೆಯಲ್ಲಿ ಹಾಕಿ ನೋಡಿ. ಸೋಫಾದ ಮೇಲೆ ಎಡಕ್ಕೆ ಸ್ವಲ್ಪ ವಾಲಿ, ಅರ್ಧ ಕೂತು ಅರ್ಧ ಮಲಗಿದ ಹಾಗೆ, ಹತ್ತು ನಿಮಿಷ ಸಾಕು. ಹೊಟ್ಟೆ ತೊಳಸಿದರೆ ಬೇರೆ ದೃಶ್ಯ ಹಾಕಿ. ಎರಡು ಮೂರು ಬಾರಿಯೂ ಹಾಗೇ ಆದರೆ ನಿಮಗೆ ಅದು ಹಿಡಿಸುವುದಿಲ್ಲ ಅಂತ ಬಿಟ್ಟುಬಿಡಿ. ಹಿಂದೆ ಗಟ್ಟಿ ಪಟ್ಟಿ ಇರುವ ಹೆಡ್‌ಸೆಟ್ ಆದರೆ ದಿಂಬಿಗೆ ಒತ್ತುತ್ತದೆ, ಮೆತ್ತನೆಯ ಪಟ್ಟಿ ಹಾಕಿಸಿ. ಬ್ಯಾಟರಿ ಸುಮಾರು ಎರಡು ಗಂಟೆ ಬರುತ್ತದೆ, ಚಾರ್ಜರ್ ಮತ್ತು ಉದ್ದದ ವೈರು ಇಟ್ಟುಕೊಳ್ಳಿ. ದೃಶ್ಯಗಳನ್ನು ಮೊದಲೇ ಡೌನ್‌ಲೋಡ್ ಮಾಡಿಡಿ, ಲೇಬರ್ ವಾರ್ಡಿನಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಮುಖಕ್ಕೆ ತಾಗುವ ಸ್ಪಂಜು ಒರೆಸಿ ಶುಚಿ ಮಾಡಿ, ಬೆವರು ಹೀರೋಕೆ ತೆಳು ಹತ್ತಿ ಬಟ್ಟೆ ಒಂದೆರಡು ಇರಲಿ.

ಆದರೆ ಇದೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ನೀವು ಹೆರಿಗೆಗೆ ಆರಿಸಿರುವ ತವರಿನ ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿ, 34 ವಾರದೊಳಗೆ. ರಾತ್ರಿ ಎರಡು ಗಂಟೆಗೂ ಅರಿವಳಿಕೆ ವೈದ್ಯರು ಸಿಗುತ್ತಾರಾ ಎಂದು ಕೇಳಿ. ಎಪಿಡ್ಯೂರಲ್ ಹಾಕುವ ರೂಢಿ ಇದೆಯಾ, ಎಷ್ಟು ಖರ್ಚು, ಎಂಟನಾಕ್ಸ್ ಇದೆಯಾ ಕೇಳಿ. ಜೊತೆಗೆ ಒಬ್ಬರನ್ನು ಬಿಡುತ್ತಾರಾ, ಹೆಡ್‌ಸೆಟ್ ತರಬಹುದಾ ಅದನ್ನೂ ಕೇಳಿ. ಸಣ್ಣ ಊರುಗಳಲ್ಲಿ ಅರಿವಳಿಕೆ ವೈದ್ಯರು ಎರಡು ಮೂರು ಆಸ್ಪತ್ರೆಗಳಿಗೆ ಓಡಾಡುತ್ತಿರುತ್ತಾರೆ. ಸಿಜೇರಿಯನ್‌ಗೆ ಕರೆದಾಗ ಬರುತ್ತಾರೆ, ಎಪಿಡ್ಯೂರಲ್ ಹಾಕಿ ಗಂಟೆಗಟ್ಟಲೆ ನೋಡಿಕೊಳ್ಳೋಕೆ ಆಗುವುದಿಲ್ಲ. ಅಲ್ಲಿ ಎಪಿಡ್ಯೂರಲ್ ಇಲ್ಲ ಅಂದರೆ, ಬೇಕಾದರೆ ಇರಲಿ ಎಂದು ನಿಮಗೆ ಅನ್ನಿಸುತ್ತಿದ್ದರೆ, ಹಾಸನ ನಗರದಲ್ಲೋ ಬೆಂಗಳೂರಿನಲ್ಲೋ ಹೆತ್ತು ಆಮೇಲೆ ಬಾಣಂತನಕ್ಕೆ ತವರಿಗೆ ಹೋಗುವುದನ್ನು ಮನೆಯವರ ಹತ್ತಿರ ಈಗಲೇ ಮಾತಾಡಿ. 36 ವಾರ ದಾಟಿದ ಮೇಲೆ ಆಸ್ಪತ್ರೆ ಬದಲಿಸುವುದು ಕಷ್ಟ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ರಕ್ತ ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಮುಂದಿನ ತಪಾಸಣೆಗೆ ಜೊತೆಗೆ ಒಯ್ಯಿರಿ. ಪ್ಲೇಟ್‌ಲೆಟ್ ಎಷ್ಟಿದೆ ಅಂತ ನಿಮ್ಮ ಡಾಕ್ಟರನ್ನು ಅವತ್ತೇ ಕೇಳಿಬಿಡಿ.